ಚಿತ್ ಆಗುವ ವಿದ್ಯೆ

ನಮ್ಮ ಗರಡಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೋ, ಕಥೆ ಮುಗಿಯಿತು. ಮೈಸೂರು ದಸರಾ ಕುಸ್ತಿಯ ಪೈಲ್ವಾನ ಮಕಾಡೆ ಮಲಗಿ, ಕೈಕಾಲು ಅಗಲಿಸಿ, ಏನೇ ಆದರೂ ಚಿತ್ ಆಗಲಾರೆ ಅಂತ ನೆಲ ಕಚ್ಚಿಕೊಂಡಿರುತ್ತಾನೆ. ಸೋಲು ಗೆಲುವು ಮೊದಲೇ ನಿಗದಿಯಾಗಿರುವ ಟೀವಿಯ ಡಬ್ಲ್ಯೂಡಬ್ಲ್ಯೂಇ ಕುಸ್ತಿಯಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಹೊಸಬನಿಗೆ ಮೊದಲ ಪಾಠವೇ ಚಿತ್ ಬೀಳುವುದು. ಎತ್ತುವುದು, ಎಸೆಯುವುದು ಎಲ್ಲ ಆಮೇಲೆ.

ಈ ಬೀಳುವಿಕೆಗೆ ಅವರಲ್ಲಿ ಬಂಪ್ ಅನ್ನುತ್ತಾರೆ. ಮೊದಲು ಕುಕ್ಕರುಗಾಲಲ್ಲಿ ಕೂತು ಹಿಂದಕ್ಕೆ ಬಿದ್ದು ಕಲಿಯಬೇಕು, ರೂಢಿಯಾದ ಮೇಲೆ ನಿಂತಲ್ಲಿಂದ. ಗದ್ದ ಎದೆಗೆ ಒತ್ತಿರಬೇಕು. ಮರೆತರೆ ಬೆನ್ನು ನೆಲ ಮುಟ್ಟಿದ ಮರುಕ್ಷಣ ತಲೆ ಹಿಂದಕ್ಕೆ ಚಿಮ್ಮಿ ಬಡಿಯುತ್ತದೆ. ಬೀಳುತ್ತಲೇ ಉಸಿರು ಬಿಡಬೇಕು. ಭಾರವೆಲ್ಲ ಬೆನ್ನಿನ ಮೇಲ್ಭಾಗದ ಮೇಲೆ ಹರಡಬೇಕು, ಅದೇ ಕ್ಷಣ ಎರಡೂ ಅಂಗೈ ಪಕ್ಕಕ್ಕೆ ಓರೆಯಾಗಿ ನೆಲಕ್ಕೆ ಚಟೀರೆನ್ನಬೇಕು. ಭಯಕ್ಕೆ ಕೈಯನ್ನು ಹಿಂದಕ್ಕೆ ಊರಿದವನ ಮಣಿಕಟ್ಟೋ ಮೊಣಕೈಯೋ ಹೋಯಿತು. ಕೂರುವವನಂತೆ ಇಳಿದರೆ ಬಾಲಮೂಳೆ.

ರಿಂಗಿನಡಿ ಸ್ಪ್ರಿಂಗ್ ಹಾಸಿಗೆ ಇದೆ ಅಂದುಕೊಂಡವರು ಬಹಳ. ಇರುವುದು ಉಕ್ಕಿನ ತೊಲೆ, ಅದರ ಮೇಲೆ ಮರದ ಹಲಗೆ, ತೆಳು ಫೋಮ್, ಬಿಗಿದ ಕ್ಯಾನ್ವಾಸ್. ಡಬ್ಲ್ಯೂಡಬ್ಲ್ಯೂಇ ರಿಂಗ್ 20 ಅಡಿ ಚೌಕ. ಹಲಗೆ ತುಸು ಬಾಗುತ್ತದೆ, ಜೋರಾಗಿ ಸದ್ದು ಮಾಡುತ್ತದೆ; ಅಷ್ಟೇ ಅದರ ಉಪಕಾರ.

ಎಸೆದವನಿಗೆ ಚಪ್ಪಾಳೆ, ಕೆಲಸ ಮಾತ್ರ ಬಿದ್ದವನದು. ಸ್ಟೀವ್ ಆಸ್ಟಿನ್‌ನ ಸ್ಟನ್ನರ್ ಅನ್ನುವ ಪಟ್ಟು ನೋಡಿ. ಹೊಟ್ಟೆಗೊಂದು ಒದೆ, ಬಗ್ಗಿದವನ ಗದ್ದ ತನ್ನ ಹೆಗಲ ಮೇಲೆ, ಕುತ್ತಿಗೆ ಹಿಡಿದು ದೊಪ್ಪನೆ ಕೂರುವುದು. ಆಸ್ಟಿನ್ ಮಾಡಿದ್ದು ಇಷ್ಟೇ. ಎದುರಾಳಿ ಅವನ ಜತೆಗೇ ಮೊಣಕಾಲಿಗೆ ಇಳಿಯಬೇಕು, ಹಲ್ಲು ಕಚ್ಚಿರಬೇಕು (ನಾಲಿಗೆ ನಡುವೆ ಇರಬಾರದು ಅಂತ ಬೇರೆ ಹೇಳಬೇಕೆ), ಆಮೇಲೆ ಹಿಂದಕ್ಕೆ ಹಾರಬೇಕು. ಅವನ ಎದುರಾಳಿ ದಿ ರಾಕ್ ಹಾರುತ್ತಿದ್ದ ಎತ್ತರಕ್ಕೆ ಸ್ಟನ್ನರ್‌ಗೆ ಅರ್ಧ ಹೆಸರು ಬಂತು ಅಂದರೆ ತಪ್ಪಲ್ಲ. ಕಂಪನಿಯ ಆಗಿನ ಒಡೆಯ ವಿನ್ಸ್ ಮೆಕ್‌ಮಹನ್ ಅದೇ ಪಟ್ಟಿಗೆ ಕಾಲು ತೊಡರಿದವನಂತೆ ಕುಸಿಯುತ್ತಿದ್ದ. ಬೀಳುವುದು ಅತಿಯಾದರೂ ಆಟ ಕೆಟ್ಟೀತು. ಡಬ್ಲ್ಯೂಡಬ್ಲ್ಯೂಇಯ ವಾರ್ಷಿಕ ಪಂದ್ಯಕೂಟವಾದ 2005ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಹಲ್ಕ್ ಹೋಗನ್‌ನ ಏಟಿಗೆ ಶಾನ್ ಮೈಕಲ್ಸ್ ರಿಂಗ್ ತುಂಬ ಮೀನಿನ ಹಾಗೆ ಒದ್ದಾಡಿದ. ಗೆದ್ದವನು ಹೋಗನ್, ನಗೆಪಾಟಲಾದವನೂ ಅವನೇ.

ಎಲ್ಲ ಪಟ್ಟಿನಲ್ಲೂ ಬೀಳುವವನ ಕೈಯಲ್ಲಿ ಏನಾದರೊಂದು ಇರುತ್ತದೆ, ಎದುರಾಳಿಯನ್ನು ತಲೆಕೆಳಗೆ ಹಿಡಿದು ನೆಲಕ್ಕಿಳಿಸುವ ಪೈಲ್‌ಡ್ರೈವರ್ ಬಿಟ್ಟು. ತಲೆಕೆಳಗಾಗಿ ತೂಗುವವನು ಮಾಡಬಹುದಾದದ್ದು ಎದುರಿನವನ ತೊಡೆ ತಬ್ಬಿಕೊಳ್ಳುವುದಷ್ಟೇ. ಅಂಡರ್‌ಟೇಕರ್‌ನ ಟೂಂಬ್‌ಸ್ಟೋನ್ ಅನ್ನುವ ಪೈಲ್‌ಡ್ರೈವರ್‌ನಲ್ಲಿ ಎದುರಾಳಿಯ ತಲೆ ಅವನ ಮೊಣಕಾಲಿಗಿಂತ ಮೇಲೆ, ತೊಡೆಗಳ ನಡುವೆ ಇರುತ್ತದೆ. ಅವನು ಮಂಡಿಯೂರುತ್ತಾನೆ, ಏಟನ್ನು ಅವನ ಮಂಡಿ ತಿನ್ನುತ್ತದೆ, ತಲೆ ನೆಲ ಮುಟ್ಟುವುದಿಲ್ಲ. 1997ರ ಆಗಸ್ಟ್ 3ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಓವನ್ ಹಾರ್ಟ್ ಆಸ್ಟಿನ್‌ನನ್ನು ಹೀಗೇ ತಲೆಕೆಳಗೆ ಹಿಡಿದು, ಮಂಡಿಯೂರದೆ ಕೂತುಬಿಟ್ಟ. ಆಸ್ಟಿನ್ ತಲೆ ಕೆಳಕ್ಕೆ ಚಾಚಿತ್ತು. ನೆತ್ತಿ ನೆಲಕ್ಕೆ ಬಡಿದು ಸ್ವಲ್ಪ ಹೊತ್ತು ಕೈಕಾಲು ಆಡಲಿಲ್ಲ.

ಆ ಪಂದ್ಯ ಆಸ್ಟಿನ್ ಗೆಲ್ಲಬೇಕೆಂದು ಮೊದಲೇ ನಿಗದಿಯಾಗಿತ್ತು. ಓವನ್ ಪ್ರೇಕ್ಷಕರನ್ನು ಕೆಣಕುತ್ತ, ಸುತ್ತುತ್ತ ಹೊತ್ತು ಕಳೆದ. ಕೊನೆಗೆ ಆಸ್ಟಿನ್ ತೆವಳಿಕೊಂಡು ಬಂದು ಹಿಂದಿನಿಂದ ಅವನ ಕಾಲಿಗೆ ಕೈ ಹಾಕಿದ. ಎಳೆಯುವ ಶಕ್ತಿ ಅವನಲ್ಲಿರಲಿಲ್ಲ. ಓವನ್ ತಾನೇ ಹಿಂದಕ್ಕೆ ಉರುಳಿ, ಬೆನ್ನು ನೆಲಕ್ಕಿಟ್ಟು, ರೆಫರಿ ಮೂರು ಎಣಿಸುವವರೆಗೆ ಅಲ್ಲಾಡದೆ ಮಲಗಿದ.