ಜಲಪಾತಕ್ಕೊಂದು ಬಾಗಿಲು

2025ರ ಹೊಸ ವರ್ಷದ ಮೊದಲ ದಿನದಿಂದ ಮಾರ್ಚ್ 15ರವರೆಗೆ ಜೋಗ ಜಲಪಾತದ ವೀಕ್ಷಣೆಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲವೆಂದು ಶಿವಮೊಗ್ಗ ಜಿಲ್ಲಾಡಳಿತ ಆದೇಶ ಹೊರಡಿಸಿತ್ತು. ಕಾರಣ ಬಹಳ ಗಂಭೀರವಾದದ್ದು: ಅಲ್ಲಿ ಮುಖ್ಯ ಪ್ರವೇಶದ್ವಾರದ ಕಾಮಗಾರಿ ನಡೆಯುತ್ತಿತ್ತು. ಪ್ರವೇಶಕ್ಕೆಂದು ದ್ವಾರ ಕಟ್ಟಬೇಕು, ದ್ವಾರ ಕಟ್ಟುವುದಕ್ಕೆಂದು ಪ್ರವೇಶ ನಿಲ್ಲಿಸಬೇಕು ಎಂಬ ಈ ತರ್ಕದಲ್ಲಿ ತಪ್ಪು ಹುಡುಕುವವರಿಗೆ ಆಡಳಿತದ ಆಳ ಅಗಲ ತಿಳಿದಿಲ್ಲವೆಂದೇ ಹೇಳಬೇಕು. ಎರಡೂವರೆ ತಿಂಗಳು ಸಾಲದೆ ಗಡುವು ಮುಂದಕ್ಕೂ ಹೋಯಿತು. ಶರಾವತಿಯಾದರೋ ಯಾವ ಕಾಲದಿಂದಲೋ ಬಾಗಿಲು, ಕಮಾನು, ಟಿಕೆಟ್ ಕೌಂಟರ್ ಒಂದೂ ಇಲ್ಲದೆ 253 ಮೀಟರ್ ಆಳಕ್ಕೆ ಧುಮುಕುತ್ತ ಬಂದಿದ್ದಾಳೆ. ಇಷ್ಟು ದೊಡ್ಡ ವ್ಯವಹಾರವೊಂದು ಇಷ್ಟು ಕಾಲ ಯಾರ ಪರವಾನಗಿಯೂ ಇಲ್ಲದೆ ನಡೆದುಕೊಂಡು ಬಂದದ್ದು ಹೇಗೆ ಎಂಬುದು ತನಿಖೆಗೆ ತಕ್ಕ ವಿಷಯ.

ಜಲಪಾತವನ್ನು ಮುಚ್ಚುವುದರಲ್ಲಿ ಒಂದು ತಾಂತ್ರಿಕ ತೊಡಕಿದೆ. ನದಿಯ ಈಚೆ ದಡ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕು. ಆಚೆ ದಡ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕು. ಹಿಂದೆ ಇದೇ ಹೊಳೆ ಮೈಸೂರು ಸಂಸ್ಥಾನಕ್ಕೂ ಮುಂಬಯಿ ಪ್ರಾಂತ್ಯಕ್ಕೂ ಗಡಿಯಾಗಿದ್ದು, ಆಯಾ ಸರ್ಕಾರದ ಸಾಹೇಬರು ತಮ್ಮ ತಮ್ಮ ಬಂಗಲೆಯ ಜಗಲಿಯಿಂದ ಒಂದೇ ನೀರನ್ನು ಬೇರೆ ಬೇರೆ ಹಕ್ಕಿನಿಂದ ನೋಡುತ್ತಿದ್ದರು. ಒಂದು ಜಿಲ್ಲೆಯ ಆದೇಶ ಹೊಳೆ ದಾಟಿ ಹೋಗುವಂತಿಲ್ಲ. ಹಾಗಾಗಿ ಸಾಗರದ ಕಡೆಯಿಂದ ನಿಷಿದ್ಧವಾದ ದೃಶ್ಯ ಸಿದ್ದಾಪುರದ ಕಡೆಯಿಂದ ಕಾನೂನುಬದ್ಧವಾಗಿಯೇ ಉಳಿದಿರುತ್ತದೆ. ಮುಂದಿನ ಸಲ ಬಾಗಿಲು ಮುಚ್ಚುವ ಮುನ್ನ ಎರಡೂ ಜಿಲ್ಲೆಗಳ ಸಮನ್ವಯ ಸಮಿತಿಯೊಂದನ್ನು ರಚಿಸುವುದು ಒಳ್ಳೆಯದು.

ಆದರೆ ನಿಜವಾದ ಪ್ರಶ್ನೆ ಬಾಗಿಲಿನ ಒಳಗೆ ಏನಿದೆ ಎನ್ನುವುದು. ಮಳೆಗಾಲದಲ್ಲಿ ಹೋದವರಿಗೆ ಇದರ ಅನುಭವ ಚೆನ್ನಾಗಿದೆ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬಿ ಬೀಳುವ ಆಷಾಢ ಶ್ರಾವಣದಲ್ಲಿ ಕಣಿವೆಯಿಂದೆದ್ದ ಮಂಜು ಜಲಪಾತವನ್ನು ಪೂರ್ತಿಯಾಗಿ ನುಂಗಿರುತ್ತದೆ. ಬೆಂಗಳೂರಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಸಂಸಾರವು ಕೊಡೆ ಹಿಡಿದು, ಕಂಬಿಗೆ ಒರಗಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತ, ಎದುರಿನ ಬಿಳಿಯ ಗೋಡೆಯ ಹಿಂದಿನಿಂದ ಬರುವ ಭೋರ್ಗರೆತವನ್ನು ಬಾನುಲಿ ನಾಟಕದಂತೆ ಕೇಳಿಸಿಕೊಂಡು ಹಿಂದಿರುಗುತ್ತದೆ. ಅರೆಕ್ಷಣ ಮಂಜು ಸರಿದರೆ ಎಲ್ಲರೂ ಒಟ್ಟಿಗೆ ಬೆನ್ನು ತಿರುಗಿಸುತ್ತಾರೆ, ಏಕೆಂದರೆ ಸೆಲ್ಫಿಯಲ್ಲಿ ಜಲಪಾತ ಹಿಂದೆ ಬರಬೇಕು. ಫೆಬ್ರುವರಿಯ ಹೊತ್ತಿಗೆ ಮಂಜು ಹೋಗಿ ಆಕಾಶ ತಿಳಿಯಾಗುತ್ತದೆ. ಆಗ ಎಲ್ಲವೂ ಸ್ಪಷ್ಟವಾಗಿ ಕಾಣಿಸುತ್ತದೆ: ಬಂಡೆ, ಬಂಡೆಯ ಮೇಲಿನ ಕರಿಯ ಪಟ್ಟೆ, ಆ ಪಟ್ಟೆಯ ಗುಂಟ ಇಳಿಯುವ ದಾರದಂಥ ನೀರು. ರಾಜ ಯಾರು, ರಾಣಿ ಯಾರು ಎಂದು ಮಕ್ಕಳಿಗೆ ತೋರಿಸಲು ತಂದೆ ತಾಯಂದಿರು ಊಹೆಯನ್ನೇ ನೆಚ್ಚಬೇಕಾಗುತ್ತದೆ. ಈ ದೃಷ್ಟಿಯಿಂದ ನೋಡಿದರೆ ಜನವರಿಯಿಂದ ಜಲಪಾತವನ್ನು ಮುಚ್ಚಿದ್ದು ಪ್ರವಾಸಿಗರ ಮೇಲಿನ ಕರುಣೆಯೇ ಇರಬಹುದು.

ನೀರು ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತಿದೆ. ಜಲಪಾತವನ್ನು ಕಂಡ ವಿಶ್ವೇಶ್ವರಯ್ಯನವರು ಇಷ್ಟೊಂದು ಶಕ್ತಿ ವ್ಯರ್ಥವಾಗುತ್ತಿದೆಯಲ್ಲ ಎಂದು ಮರುಗಿದರೆಂಬ ಕಥೆ ಶಾಲೆಯ ಭಾಷಣಗಳಲ್ಲಿ ಇಂದಿಗೂ ಚಲಾವಣೆಯಲ್ಲಿದೆ. ಆ ಮರುಕ ಫಲಿಸಿ 1948ರಲ್ಲಿ ಜೋಗದಲ್ಲಿ ವಿದ್ಯುದಾಗಾರ ಆರಂಭವಾಯಿತು. ಅದಕ್ಕೆ ಮೊದಲು ಕೃಷ್ಣರಾಜೇಂದ್ರರ ಹೆಸರಿತ್ತು, ಆಮೇಲೆ ಮಹಾತ್ಮ ಗಾಂಧಿಯವರ ಹೆಸರು ಬಂತು. 1964ರಲ್ಲಿ, ಕೆಲವೇ ಕಿಲೋಮೀಟರ್ ಮೇಲೆ, 151 ಟಿಎಂಸಿ ಅಡಿ ನೀರು ಹಿಡಿಯುವ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಿತು. ಅಂದಿನಿಂದ ಜಲಪಾತದ ಬೀಗದ ಕೈ ಅಲ್ಲಿದೆ. ನೀರಿನ ಮಟ್ಟ 1,819 ಅಡಿ ಮುಟ್ಟಿ, ಇನ್ನು ಹಿಡಿಯಲಾಗದೆಂದು ಗೇಟು ಎತ್ತಿದ ವರ್ಷ ಜೋಗ ತನ್ನ ಹಳೆಯ ವೈಭವಕ್ಕೆ ಮರಳುತ್ತದೆ. ಉಳಿದಂತೆ ಅಣೆಕಟ್ಟಿನ ಕೆಳಗಿನ ಹಳ್ಳಕೊಳ್ಳಗಳು ಕೊಟ್ಟಷ್ಟರಲ್ಲಿ ಅದು ಕಾಲ ತಳ್ಳಬೇಕು. ಆದ್ದರಿಂದಲೇ ದೂರದೂರಿನ ನೆಂಟರು ಸಾಗರದ ಬಂಧುಗಳಿಗೆ ಫೋನು ಮಾಡಿ, ಬೀದಿ ನಲ್ಲಿಯ ವಿಚಾರ ಕೇಳುವ ಧಾಟಿಯಲ್ಲೇ, "ಭಾವಾ, ಜೋಗಕ್ಕೆ ನೀರು ಬಿಟ್ಟಿದಾರಾ?" ಎಂದು ವಿಚಾರಿಸುತ್ತಾರೆ. ಈ ಪ್ರಶ್ನೆ ವಿಚಿತ್ರವಾದದ್ದೆಂದು ಕೇಳಿದವರಿಗೂ ಅನ್ನಿಸುವುದಿಲ್ಲ, ಭಾವನಿಗೂ ಅನ್ನಿಸುವುದಿಲ್ಲ.

ಇನ್ನು ಕೆಲವು ವರ್ಷಗಳ ಹಿಂದೆ ಸುದ್ದಿಯಾದ 'ಸರ್ವಋತು ಜಲಪಾತ' ಯೋಜನೆಯನ್ನು ನೆನೆಯದೆ ಮುಂದೆ ಹೋಗುವುದು ಕೃತಘ್ನತೆಯಾದೀತು. ಬಿದ್ದ ನೀರನ್ನು ಕೆಳಗೆ ತಡೆದು ನಿಲ್ಲಿಸುವುದು, ಪಂಪುಗಳಿಂದ ಮತ್ತೆ ಮೇಲಕ್ಕೆ ಎತ್ತುವುದು, ಎತ್ತಿದ್ದನ್ನು ಮತ್ತೆ ಬೀಳಿಸುವುದು. ಹೀಗೆ ವರ್ಷದ 365 ದಿನವೂ ಪ್ರವಾಸಿಗರಿಗೆ ಜಲಪಾತ ಒದಗಿಸುವುದು ಅದರ ಸಾರಾಂಶ. ಇದರ ಸೊಗಸನ್ನು ನಿಧಾನವಾಗಿ ಗ್ರಹಿಸಬೇಕು. ಮೊದಲು ತಾನಾಗಿಯೇ ಬೀಳುತ್ತಿದ್ದ ನೀರು ವ್ಯರ್ಥವಾಗುತ್ತಿದೆಯೆಂದು ಅದನ್ನು ತಡೆದು ವಿದ್ಯುತ್ ತಯಾರಿಸಿದೆವು. ಈಗ ನೀರು ಬೀಳುತ್ತಿಲ್ಲವೆಂದು ಆ ವಿದ್ಯುತ್ತಿನಿಂದ ಪಂಪು ನಡೆಸಿ ನೀರನ್ನು ಬೀಳಿಸುವುದು. ಪ್ರಕೃತಿ ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸವೊಂದಕ್ಕೆ ಟೆಂಡರ್ ಕರೆಯುವಂತಾಗುವುದಕ್ಕಿಂತ ಹೆಚ್ಚಿನ ಅಭಿವೃದ್ಧಿ ಯಾವುದಿದ್ದೀತು? ಯೋಜನೆ ಕೈಗೂಡಲಿಲ್ಲವೆಂಬುದು ದುಃಖದ ಸಂಗತಿ. ಕೈಗೂಡಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಸ್ವಿಚ್ಚು ಹಾಕಿ, ಮಧ್ಯಾಹ್ನ ಸಿಬ್ಬಂದಿಯ ಊಟಕ್ಕೆ ಅರ್ಧ ಗಂಟೆ ರಾಣಿಯನ್ನು ನಿಲ್ಲಿಸಿ, ಗಣ್ಯರು ಬಂದಾಗ ರಾಕೆಟ್ಟಿನ ವೇಗ ಹೆಚ್ಚಿಸಿ, ಸಂಜೆ ಆರಕ್ಕೆ ಎಲ್ಲವನ್ನೂ ಆರಿಸಿ ಮನೆಗೆ ಹೋಗಬಹುದಾಗಿತ್ತು.

ಈಗ ಯೋಜನೆಗಳ ಸಾಲಿನಲ್ಲಿ ರೋಪ್‌ವೇ ಇದೆ, ಪಂಚತಾರಾ ಹೋಟೆಲ್ ಇದೆ. ಕಣಿವೆಯ ತಳಕ್ಕೆ ಇಳಿಯಲು ಸುಮಾರು 1,400 ಮೆಟ್ಟಿಲುಗಳಿದ್ದವು. ಇಳಿದವರು ಹತ್ತಿ ಬರುವಷ್ಟರಲ್ಲಿ ಏದುಸಿರು ಬಿಟ್ಟು, ಜಲಪಾತವೆಂದರೆ ಎಷ್ಟು ಎತ್ತರವೆಂದು ಮೊಣಕಾಲಿನ ಮೂಲಕ ತಿಳಿದುಕೊಳ್ಳುತ್ತಿದ್ದರು. ಇಂಥ ಜ್ಞಾನ ಯಾವ ನಾಗರಿಕನಿಗೂ ಬೇಕಿಲ್ಲ. ಹೋಟೆಲಿನ ವಿಷಯದಲ್ಲಿ ಮಾತ್ರ ನನಗೊಂದು ಸಣ್ಣ ಕುತೂಹಲವಿದೆ. ಜಲಪಾತ ಕಾಣುವ ಕೋಣೆಗೆ ಹೆಚ್ಚು ಬಾಡಿಗೆ ಇರುವುದು ಸಹಜ. ಆದರೆ ಜುಲೈಯಲ್ಲಿ ಮಂಜು ಮಾತ್ರ ಕಾಣುವ, ಮಾರ್ಚಿಯಲ್ಲಿ ಬಂಡೆ ಮಾತ್ರ ಕಾಣುವ ಕೋಣೆಯ ಬಾಡಿಗೆಯನ್ನು ಯಾವ ದರಪಟ್ಟಿಯಂತೆ ನಿಗದಿಪಡಿಸುತ್ತಾರೆ? ಲಿಂಗನಮಕ್ಕಿಯ ನೀರಿನ ಮಟ್ಟವನ್ನು ನಿತ್ಯ ಪತ್ರಿಕೆಯಲ್ಲಿ ನೋಡಿ ಲೆಕ್ಕ ಹಾಕುವ ಗುಮಾಸ್ತನೊಬ್ಬ ಬೇಕಾಗಬಹುದು. ಅಷ್ಟರಮಟ್ಟಿಗೆ ಸ್ಥಳೀಯರಿಗೆ ಉದ್ಯೋಗ ಸಿಕ್ಕಂತಾಯಿತು.

ಇದೇ ಕಣಿವೆಯಲ್ಲಿ ಇನ್ನೊಂದು ಮಹಾಯೋಜನೆಯ ತಯಾರಿ ನಡೆದಿದೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಇಳಿಸಿ, ಮತ್ತೆ ಏರಿಸಿ, ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ 2,000 ಮೆಗಾವಾಟ್ ಕೊಡುವ ಪಂಪ್ಡ್ ಸ್ಟೋರೇಜ್ ಯೋಜನೆ ಅದು. ಏರಿಸಲು ತಗಲುವ ವಿದ್ಯುತ್ತು ಇಳಿಸಿದಾಗ ಬರುವ ವಿದ್ಯುತ್ತಿಗಿಂತ ಹೆಚ್ಚು ಎಂಬುದನ್ನು ಎಂಜಿನಿಯರುಗಳೇ ಒಪ್ಪುತ್ತಾರೆ, ಅದಕ್ಕೆ ಅವರ ಬಳಿ ಸಮರ್ಥನೆಯೂ ಇದೆ. ಆ ಕಾಡು ಸಿಂಗಳೀಕಗಳ ಹೆಸರಿನಲ್ಲೇ ಇರುವ ಅಭಯಾರಣ್ಯ. ಸಿಂಗಳೀಕಗಳಿಗೆ ಅಭಯ ಕೊಟ್ಟವರು ಯಾರು, ಎಷ್ಟು ದಿನಕ್ಕೆ ಕೊಟ್ಟರು ಎಂಬ ವಿವರ ಕಡತದಲ್ಲಿ ಇದ್ದೇ ಇರಬೇಕು. ಪ್ರವಾಸಿಗರಿಗೆ ಕೇಡೇನಿಲ್ಲ, ಸಿಂಗಳೀಕವನ್ನು ನೋಡಲೆಂದು ಜೋಗಕ್ಕೆ ಹೋದವರು ಕಡಿಮೆ. ದಾರಿಯ ಬದಿಯಲ್ಲಿ ಕುರ್ಕುರೆ ಪೊಟ್ಟಣ ಕಿತ್ತುಕೊಳ್ಳುವ ಕೆಂಪು ಮೋರೆಯ ಮಂಗಗಳು ಸಾಕಷ್ಟಿವೆ, ವನ್ಯಜೀವಿ ದರ್ಶನ ಅಲ್ಲಿಗೆ ಮುಗಿಯುತ್ತದೆ.

ಜೋಗಕ್ಕೆ ಬಂದವರು ಮರಳುವ ಮುನ್ನ ಹಿನ್ನೀರನ್ನೂ ನೋಡುತ್ತಾರೆ. ಸೂರ್ಯಾಸ್ತಕ್ಕೆ ಪ್ರಶಸ್ತವಾದ ಆ ನೀರಿನ ಅಡಿಯಲ್ಲಿ ಊರುಗಳಿವೆ, ಗದ್ದೆ ತೋಟಗಳಿವೆ. ನಾಡಿಗೆ ಬೆಳಕು ಬೇಕೆಂದು ಅರವತ್ತರ ದಶಕದಲ್ಲಿ ಅಲ್ಲಿಂದ ಎಬ್ಬಿಸಿದ ಕುಟುಂಬಗಳನ್ನು ಶಿವಮೊಗ್ಗದ ಕಾಡುಗಳ ನಡುವೆ ತಂದು ಇಳಿಸಲಾಯಿತು. ದ್ವೀಪಗಳಂತಾದ ಹಿನ್ನೀರಿನ ಅನೇಕ ಹಳ್ಳಿಗಳಿಗೆ ಆ ಬೆಳಕು ಮುಟ್ಟಲು ದಶಕಗಳೇ ಹಿಡಿದವು. ಕೊಟ್ಟ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದದ್ದರಿಂದ ಮೂರನೆಯ ತಲೆಮಾರಿನವರೂ ಹಕ್ಕುಪತ್ರಕ್ಕಾಗಿ ಪಾದಯಾತ್ರೆ ಮಾಡುತ್ತಿದ್ದಾರೆ. ಈ ವಿಷಯದಲ್ಲಿ ಸರ್ಕಾರಗಳ ಭರವಸೆ ಜೋಗದಷ್ಟೇ ಋತುಬದ್ಧವಾದದ್ದು: ಚುನಾವಣೆಯ ತಿಂಗಳಲ್ಲಿ ರಾಜನಂತೆ ಧುಮುಕುತ್ತದೆ, ಫಲಿತಾಂಶ ಬಂದ ಮೇಲೆ ಬಂಡೆ ಕಾಣುತ್ತದೆ. ಇದನ್ನು ವರ್ಷವಿಡೀ ಹರಿಯುವಂತೆ ಪಂಪು ಮಾಡುವ ಪ್ರಸ್ತಾವವನ್ನು ಯಾವ ಹೂಡಿಕೆದಾರನೂ ಇನ್ನೂ ಸಲ್ಲಿಸಿದಂತಿಲ್ಲ.