ಹತ್ತು ವರ್ಷದ ಹುಡುಗನೂ 2.66 ಅನ್ನೋ ಅಂಕೆಯೂ

ಮೇ ತಿಂಗಳ ಶುರುವಿನಲ್ಲಿ ಮಗ ಶಾಲೆಯಿಂದ ಒಂದು ಹಾಳೆ ತಂದ. ಜರ್ಮನ್ 3, ಗಣಿತ 2, ಪರಿಸರ 3. ಸರಾಸರಿ 2.66. ಊರಲ್ಲಿರೋ ಅಮ್ಮನಿಗೆ ಫೋನಲ್ಲಿ ಹೇಳಿದರೆ "ಅಯ್ಯೋ, ನೂರಕ್ಕೆ ಎರಡಾ?" ಅಂದರು. ಇಲ್ಲಿ 1 ಅಂದರೆ ಎಲ್ಲಕ್ಕಿಂತ ಮೇಲು, 6 ಅಂದರೆ ಡುಮ್ಕಿ ಅಂತ ಬಿಡಿಸಿ ಹೇಳೋಷ್ಟರಲ್ಲಿ ಕುಕ್ಕರ್ ಐದು ಸಲ ಕೂಗಿತ್ತು.

ನಾವಿರೋದು ಜರ್ಮನಿಯ ಬವೇರಿಯಾ ರಾಜ್ಯದಲ್ಲಿ. ಇಲ್ಲಿ ನಾಲ್ಕನೇ ಕ್ಲಾಸ್ ಮುಗಿಯುವಾಗ ಮಕ್ಕಳನ್ನು ಮೂರು ದಾರಿಗೆ ಬಿಡುತ್ತಾರೆ. ಈ ಮೂರು ವಿಷಯಗಳ ಸರಾಸರಿ 2.33ರೊಳಗಿದ್ದರೆ ಗಿಮ್ನಾಜಿಯುಮ್, ಅಂದರೆ ಯೂನಿವರ್ಸಿಟಿಗೆ ನೇರ ದಾರಿ. 2.66ರೊಳಗಿದ್ದರೆ ರಿಯಾಲ್‌ಶೂಲೆ, ಅಂದರೆ ಹತ್ತನೇ ಕ್ಲಾಸ್‌ವರೆಗಿನ ಶಾಲೆ. ಮಿಕ್ಕವರಿಗೆ ಮಿಟ್ಟೆಲ್‌ಶೂಲೆ, ಅಂದರೆ ಕಸುಬಿನ ಕಡೆಗೆ ಹೆಚ್ಚು ಒತ್ತು ಕೊಡೋ ಶಾಲೆ. ಪರಿಸರದಲ್ಲಿ 3ರ ಬದಲು 2 ಬಂದಿದ್ದರೆ ನನ್ನ ಮಗ ಬೇರೆ ಶಾಲೆಗೆ ಹೋಗುತ್ತಿದ್ದ. ಮಳೆ ಹೇಗೆ ಬರುತ್ತೆ ಅನ್ನೋ ಚಿತ್ರದಲ್ಲಿ 'ಆವಿಯಾಗೋದು' ಅನ್ನೋದಕ್ಕೆ ಜರ್ಮನ್ ಪದ ನೆನಪಾಗದೆ, ಸುಮ್ನೆ ಮೇಲಕ್ಕೊಂದು ಬಾಣ ಎಳೆದು ಬಂದಿದ್ದಾನೆ. ಬೇಕಿದ್ದರೆ ಮೂರು ದಿನ ಇನ್ನೊಂದು ಪರೀಕ್ಷೆಗೆ ಕೂರಿಸಬಹುದಿತ್ತು. ನಾವು ಕೂರಿಸಲಿಲ್ಲ.

ಈ ದೇಶದಲ್ಲಿ 16 ರಾಜ್ಯ, ಶಾಲೆಯ ನಿಯಮ ಆಯಾ ರಾಜ್ಯದ್ದು. ಬರ್ಲಿನ್‌ನಲ್ಲಿ, ಬ್ರಾಂಡೆನ್‌ಬುರ್ಗ್‌ನಲ್ಲಿ ಆರು ವರ್ಷ ಒಟ್ಟಿಗೇ ಓದುತ್ತಾರೆ. ಎಷ್ಟೋ ಕಡೆ ಟೀಚರ್ ಸಲಹೆ ಕೊಡುತ್ತಾರೆ, ಕೊನೆಯ ಮಾತು ಅಪ್ಪ ಅಮ್ಮನದು. ಬವೇರಿಯಾ ಅಷ್ಟು ಸಲೀಸಲ್ಲ.

ನಾಲ್ಕು ವರ್ಷ ಯಾಕೆ ಅಂತ ಕೇಳಿದರೆ ಕಥೆ 1920ಕ್ಕೆ ಹೋಗುತ್ತೆ. ಅದಕ್ಕೂ ಮುಂಚೆ ಉಳ್ಳವರ ಮಕ್ಕಳಿಗೆ ಮೊದಲನೇ ಕ್ಲಾಸಿಂದಲೇ ಬೇರೆ ಶಾಲೆ ಇತ್ತು. ನಾಲ್ಕು ವರ್ಷವಾದರೂ ಎಲ್ಲರೂ ಜೊತೆಗಿರಲಿ ಅಂತ ಆಗ ಒಂದು ರಾಜಿಯಾಯಿತು. ರಾಜಿಗೆ ನೂರು ವರ್ಷ ದಾಟಿದೆ, ಇನ್ನೂ ಅದೇ ನಡೀತಿದೆ! 2001ರ ಕೊನೆಗೆ ಪೀಸಾ, ಅಂದರೆ ಬೇರೆಬೇರೆ ದೇಶಗಳ ಹದಿನೈದು ವರ್ಷದ ಮಕ್ಕಳ ಕಲಿಕೆಯನ್ನು ಹೋಲಿಸೋ ಪರೀಕ್ಷೆಯ ಮೊದಲ ಫಲಿತಾಂಶ ಬಂದಾಗ ಮನೆಯ ಸ್ಥಿತಿಗತಿಗೂ ಮಕ್ಕಳ ಅಂಕಕ್ಕೂ ಇಲ್ಲಿ ಎಷ್ಟು ಗಟ್ಟಿ ನಂಟಿದೆ ಅಂತ ಗೊತ್ತಾಗಿ ದೇಶವೇ ಬೆಚ್ಚಿತು. ಆದರೂ 2010ರಲ್ಲಿ ಹ್ಯಾಂಬುರ್ಗ್ ಆರು ವರ್ಷ ಮಾಡಹೊರಟಾಗ ಜನರೇ ಮತ ಹಾಕಿ ಬೇಡ ಅಂದರು.

ತಮಾಷೆ ನೋಡಿ. ಹೊರದೇಶಗಳಲ್ಲಿ 130ಕ್ಕೂ ಹೆಚ್ಚು ಜರ್ಮನ್ ಶಾಲೆಗಳಿವೆ. ದೆಹಲಿಯಲ್ಲಿದೆ, ಮುಂಬೈಯಲ್ಲಿದೆ. ಹೆಚ್ಚಿನವನ್ನು ನಡೆಸೋದು ಪೋಷಕರ ಸಂಘಗಳು. ಜರ್ಮನ್ ಸರ್ಕಾರ ದುಡ್ಡು ಕೊಡುತ್ತೆ, ಇಲ್ಲಿಂದ ಟೀಚರ್‌ಗಳನ್ನೂ ಕಳಿಸುತ್ತೆ. ಇಲ್ಲಿ ಜರ್ಮನಿಯಲ್ಲಿ ಸರ್ಕಾರಿ ಶಾಲೆಗೆ ಫೀಸಿಲ್ಲ, ಹೊರದೇಶದ ಆ ಶಾಲೆಗಳಲ್ಲಿ ಫೀಸು ಜೋರಾಗೇ ಇದೆ. ಅವುಗಳಲ್ಲಿ ಸಣ್ಣ ಶಾಲೆಗಳಲ್ಲಿ ಮಕ್ಕಳೇ ಕಡಿಮೆ, ಮೂರು ಕಟ್ಟಡ ಎಲ್ಲಿಂದ ತರೋದು? ಹಾಗಾಗಿ ಮೂರೂ ಬಗೆಯ ಮಕ್ಕಳನ್ನು ಒಂದೇ ಕ್ಲಾಸಲ್ಲಿ ಕೂರಿಸಿ, ಕೆಲಸ ಮಾತ್ರ ಬೇರೆಬೇರೆ ಕೊಡುತ್ತಾರೆ. ಯಾರೂ ಮುಳುಗಿಲ್ಲ. ಸಮುದ್ರ ದಾಟಿದರೆ ಆಗೋದು ಜರ್ಮನಿಯೊಳಗೇ ಯಾಕೆ ಆಗಲ್ಲ ಅಂತ ನನ್ನ ತಕರಾರು.

ಇಷ್ಟು ಬೈದ ಮೇಲೆ ಇನ್ನೊಂದೂ ಹೇಳಬೇಕು. ಯುಗಾದಿ ಊಟಕ್ಕೆ ಸೇರಿದ್ದಾಗ ಗಿಮ್ನಾಜಿಯುಮ್ ಸಿಗೋದು ಅನುಮಾನ ಅಂದಿದ್ದೆ. ಕನ್ನಡದವರೊಬ್ಬರು "ರಿಯಾಲ್‌ಶೂಲೆನಾ... ಪರವಾಗಿಲ್ಲ ಬಿಡಿ" ಅಂದರು, ಸಾವಿನ ಮನೆಗೆ ಬಂದವರ ದನಿಯಲ್ಲಿ. ನನಗೆ ಒಬ್ಬಟ್ಟು ಗಂಟಲಲ್ಲೇ ನಿಂತಿತು. ನಮ್ಮ ಪಕ್ಕದ ಮನೆಯವರು ಎಲೆಕ್ಟ್ರಿಷಿಯನ್. ಅವರೂ ರಿಯಾಲ್‌ಶೂಲೆಯವರೇ. ಅಲ್ಲಿ ಹತ್ತನೇ ಕ್ಲಾಸ್ ಮುಗಿಸಿ ಔಸ್‌ಬಿಲ್ಡುಂಗ್, ಅಂದರೆ ಕಸುಬಿನ ತರಬೇತಿ ಮಾಡಿದರು. ವಾರಕ್ಕೆ ಒಂದೆರಡು ದಿನ ಶಾಲೆ, ಮಿಕ್ಕ ದಿನ ಕಂಪನಿಯಲ್ಲಿ ಕೆಲಸ, ಕಲಿಯುವಾಗಲೇ ಸಂಬಳ. ಆಮೇಲೆ ಮೈಸ್ಟರ್ ಪರೀಕ್ಷೆ, ಅಂದರೆ ಆ ಕಸುಬಿನಲ್ಲಿ ಮೇಲಿನ ಹಂತದ್ದು. ಮೈಸ್ಟರ್ ಆದವರು ಬೇಕಾದರೆ ಯೂನಿವರ್ಸಿಟಿಗೂ ಸೇರಬಹುದು. ಅವರಿಗೆ ಬೇಕಾಗಲಿಲ್ಲ. ಈಗ ಮೂರು ಹುಡುಗರು ಅವರ ಹತ್ತಿರ ಕೆಲಸ ಕಲೀತಿದ್ದಾರೆ, ನಮ್ಮ ಮನೆಗೆ ಒಂದು ಸ್ವಿಚ್ ಹಾಕಿಸಿಕೊಳ್ಳೋಕೆ ನಾನು ಆರು ವಾರ ಕಾದಿದ್ದೀನಿ.

ಮಗನ ಚಿಂತೆಯೇ ಬೇರೆ. ಮೊದಲನೇ ಕ್ಲಾಸಿಂದ ಪಕ್ಕದಲ್ಲಿ ಕೂತ ಗೆಳೆಯ ಗಿಮ್ನಾಜಿಯುಮ್‌ಗೆ ಹೋಗುತ್ತಾನೆ. ಅವನ ಬಸ್ಸು ಆ ಕಡೆ, ಇವನದು ಈ ಕಡೆ. ಗುರುವಾರದ ಫುಟ್‌ಬಾಲ್ ಮಾತ್ರ ಒಂದೇ ಕ್ಲಬ್ಬಲ್ಲಿ ಇರುತ್ತಾ ಅಂತ ಮೂರು ಸಲ ಕೇಳಿದ್ದಾನೆ. ಇರುತ್ತೆ ಅಂದಿದ್ದೀನಿ.