ಗೊಂಬೆ ತಿರುಗಿಸಿ ನೋಡಿದ್ದೀರಾ?

ನಾನು ಅಮೆರಿಕದ ಒಹಾಯೊಗೆ ಬಂದು ಹದಿನೆಂಟು ವರ್ಷ ಆಯಿತು. ಇಲ್ಲಿ ಅಂಟಿಕೊಂಡ ಒಂದು ಚಟ ಎಸ್ಟೇಟ್ ಸೇಲ್. ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಚಮಚದಿಂದ ಸೋಫಾವರೆಗೆ ಎಲ್ಲಕ್ಕೂ ಬೆಲೆ ಚೀಟಿ ಅಂಟಿಸಿ ಮನೆ ಬಾಗಿಲು ತೆರೆದಿಡುತ್ತಾರೆ. ಮೊದಮೊದಲು ನೋಡಿದರೆ ಸಂಕಟ ಆಗುತ್ತಿತ್ತು. ಈಗ ನಾನೂ ಶನಿವಾರ ಬೆಳಗ್ಗೆ ಸಾಲಿನಲ್ಲಿ ನಿಲ್ಲುತ್ತೇನೆ.

ಅಲ್ಲಿ ಆಗಾಗ ಸಿಗುವುದು ಹುಮ್ಮೆಲ್ ಗೊಂಬೆಗಳು. ಕೆಂಪು ಕೆನ್ನೆಯ ಮಕ್ಕಳು. ಕೊಡೆ, ಚೀಲ ಹಿಡಿದು ಊರು ಬಿಟ್ಟು ಹೊರಟ ಹುಡುಗ ಒಬ್ಬನಿದ್ದಾನೆ, ಅವನನ್ನು ಕಂಡರೆ ನನಗೇಕೋ ಪ್ರೀತಿ ಜಾಸ್ತಿ. ಹುಮ್ಮೆಲ್ ಎಂಬ ಜರ್ಮನ್ ಸನ್ಯಾಸಿನಿ ಬರೆದ ಚಿತ್ರಗಳನ್ನು ಇಟ್ಟುಕೊಂಡು ಗೋಬೆಲ್ ಕಂಪನಿ 1935ರಲ್ಲಿ ಇವನ್ನು ಮಾಡತೊಡಗಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿದ್ದ ಅಮೆರಿಕನ್ ಸೈನಿಕರು ಮನೆಗೆ ತಂದರು. ನಿಜ ಹೇಳಬೇಕೆಂದರೆ ಅದು ಪಿಂಗಾಣಿಯೂ ಅಲ್ಲ, ನಯವಾದ ಮಣ್ಣು. ಎಲ್ಲರೂ ಪಿಂಗಾಣಿ ಅಂತಾರೆ, ಅಷ್ಟೆ.

ಇಲ್ಲಿಯವರು ಗೊಂಬೆಯ ಮುಖ ನೋಡುವುದೇ ಇಲ್ಲ. ಎತ್ತಿದ ಕೂಡಲೇ ತಲೆಕೆಳಗು. ತಳದಲ್ಲಿ ಕಂಪನಿಯ ಗುರುತಾಗಿ ಕಿರೀಟ ಇದ್ದರೆ 1940ರ ದಶಕ ಅಥವಾ ಅದಕ್ಕಿಂತ ಹಳೆಯದು. 'ವಿ' ಅಕ್ಷರದೊಳಗೆ ದುಂಬಿ ಹಾರುತ್ತಿದ್ದರೆ 1950ರಿಂದ ಈಚೆ. ಜರ್ಮನ್ ಭಾಷೆಯಲ್ಲಿ ಹುಮ್ಮೆಲ್ ಅಂದರೆ ದುಂಬಿ. ವರ್ಷ ಹೋದಂತೆ ಆ ದುಂಬಿ ಚಿಕ್ಕದಾಗುತ್ತಾ ಬಂತು, ಹಾಗಾಗಿ ದುಂಬಿ ದಪ್ಪ ಇದ್ದಷ್ಟೂ ಖುಷಿ. ಆಮೇಲೆ ಉಗುರಿನಲ್ಲಿ ತಟ್ಟುತ್ತಾರೆ. ಬಿರುಕಿದ್ದರೆ 'ಠಣ್' ಅನ್ನದೆ 'ಟಪ್' ಅನ್ನುತ್ತದೆ. ಬೆರಳು, ಕೊಡೆಯ ಅಂಚು ಸವರಿ ಚೂರು ಹಾರಿದೆಯಾ ನೋಡುತ್ತಾರೆ. ಕತ್ತಲಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟರೆ ಹಳೇ ಅಂಟು ಎಷ್ಟೋ ಸಲ ಹೊಳೆದು ಸಿಕ್ಕಿಬೀಳುತ್ತದೆ. ಬೆಲೆಗೂ ಒಂದು ನಿಯಮ: ಕೇಳುವ ಬೆಲೆ ಸುಮ್ನೆ, ಎಷ್ಟಕ್ಕೆ ಮಾರಿಹೋಯಿತು ಅನ್ನುವುದೇ ಬೆಲೆ. ಹಳೇ ಬೆಲೆಪುಸ್ತಕದಲ್ಲಿ ನೂರಾರು ಡಾಲರ್ ಅಂತ ಇದ್ದ ಆ ಕೊಡೆ ಹುಡುಗನಿಗೆ ನಾನು ಕೊಟ್ಟಿದ್ದು ಎಂಟು ಡಾಲರ್. ಎಲ್ಲರೂ ಜೋಪಾನ ಮಾಡಿದರು, ಮಕ್ಕಳಿಗೆ ಬೇಡವಾಯಿತು.

ಅದನ್ನು ಯಾರು ಯಾರಿಗೆ ಕೊಟ್ಟಿದ್ದರು ಅಂತ ಆ ಮನೆಯ ಮಗಳನ್ನೇ ಕೇಳಿದೆ. ಗೊತ್ತಿಲ್ಲ ಅಂದಳು.

ಬಸವನಗುಡಿಯ ನಮ್ಮ ಮನೆಯಲ್ಲಿ ಇದು ಪೂರ್ತಿ ಉಲ್ಟಾ. ದಸರೆಗೆ ಗೊಂಬೆ ಕೂರಿಸುವಾಗ ಅಮ್ಮ ಟ್ರಂಕಿನಿಂದ ಒಂದೊಂದನ್ನೇ ಹಳೇ ಸೀರೆ ತುಂಡು ಬಿಚ್ಚಿ ತೆಗೆಯುತ್ತಾಳೆ. ಪ್ರತಿಯೊಂದರ ಜಾತಕ ಬಾಯಲ್ಲಿದೆ. ಇದು ಅಜ್ಜಿ ತವರಿನಿಂದ ತಂದಿದ್ದು, ಇದು ನಿನ್ನ ಬಾಣಂತನದಲ್ಲಿ ಬಂದಿದ್ದು. ಆದರೆ ತಿರುಗಿಸಿ ನೋಡಿದವರು ಯಾರೂ ಇಲ್ಲ. ಹೋದ ವರ್ಷ ನಾಯಿಮರಿ ಅಪ್ಪಿಕೊಂಡ ಹುಡುಗಿಯ ಗೊಂಬೆ ತಿರುಗಿಸಿದೆ. ಸಣ್ಣ ಅಕ್ಷರದಲ್ಲಿ 'ಮೇಡ್ ಇನ್ ಜಪಾನ್'. ಅಮೆರಿಕಕ್ಕೆ ಹೋಗುತ್ತಿದ್ದ ಮಾಲಿನ ಮೇಲೆ 1921ರವರೆಗೆ 'ನಿಪ್ಪಾನ್' (ಜಪಾನೀ ಭಾಷೆಯಲ್ಲಿ ಜಪಾನಿನ ಹೆಸರು) ಅಂತಿತ್ತು, ಆಮೇಲೆ 'ಜಪಾನ್'. ಯುದ್ಧದ ನಂತರ 1952ರವರೆಗೆ ಕೆಲವಕ್ಕೆ 'ಆಕ್ಯುಪೈಡ್ ಜಪಾನ್', ಅಂದರೆ ಪರರ ವಶದಲ್ಲಿರುವ ಜಪಾನ್. ಅಮ್ಮ ಕನ್ನಡಕ ಹಾಕಿಕೊಂಡು ಓದಿ, "ಇಷ್ಟು ವರ್ಷ ಮೈಸೂರಿನದು ಅಂದ್ಕೊಂಡಿದ್ನಲ್ಲೋ" ಅಂದಳು.

ಇಬ್ಬರದೂ ಅರ್ಧರ್ಧ ಬುದ್ಧಿ ಅನಿಸುತ್ತದೆ ನನಗೆ. ಆದರೆ ನಮ್ಮ ಅರ್ಧ ಬೇಗ ಅಳಿಸಿಹೋಗುತ್ತದೆ, ಬಾಯಲ್ಲಿ ಮಾತ್ರ ಇರೋದಲ್ವಾ. ನಮ್ಮ ಬೀದಿಯಲ್ಲಿ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಗೊಂಬೆಗಳನ್ನು ಶೋಕೇಸ್ ಸಮೇತ ಗುಜರಿಗೆ ಹಾಕಿದ್ದನ್ನು ನೋಡಿದ್ದೇನೆ. ಕಬ್ಬಿಣಕ್ಕೆ ತೂಕದ ಬೆಲೆ ಸಿಕ್ಕಿತು. ಪಿಂಗಾಣಿಗೆ ಅದೂ ಇಲ್ಲ.

ಅದಕ್ಕೇ ಈ ಸಲ ಅಮ್ಮ ಹೇಳಿದಂತೆ ಚೀಟಿ ಬರೆದು, ತಳದ ಗುರುತು ಮುಚ್ಚದಂತೆ ಪಕ್ಕದಲ್ಲಿ ಕಟ್ಟುತ್ತಾ ಹೋದೆ. ಹನ್ನೊಂದು ಗೊಂಬೆ ಸಲೀಸಾಗಿ ಮುಗಿಯಿತು. ನಾಯಿಮರಿ ಹುಡುಗಿಯ ಸರದಿ ಬಂದಾಗ ಚಿಕ್ಕಮ್ಮ ಫೋನಿನಲ್ಲಿದ್ದರು. "ಅದು ನಂದು ಕಣೋ, ನಿಮ್ಮಮ್ಮ ಮದುವೆಯಾಗಿ ಹೋಗುವಾಗ ಎತ್ಕೊಂಡು ಹೋದ್ಲು" ಅಂದರು. ಅಮ್ಮ ಅಡುಗೆಮನೆಗೆ ಎದ್ದು ಹೋದಳು. ಆ ಚೀಟಿ ಇನ್ನೂ ಖಾಲಿ ಇದೆ.